ಹಳೆಯ ಕೋವಿ ಮನೆ ಕಾಯಬಲ್ಲುದೆ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ ಮತ್ತು ಘಟ್ಟದ ಕೆಳಗಿನ ಸುಳ್ಯ, ಬೆಳ್ತಂಗಡಿಗಳ ತೋಟದ ಮನೆಗಳಲ್ಲಿ ಪರವಾನಗಿಯ ಮೇಲೋ ಕೊಡಗಿಗೆ ಇರುವ ವಿಶೇಷ ವಿನಾಯಿತಿಯ ಮೇಲೋ ಇರಿಸಿಕೊಂಡಿರುವ ಕೋವಿಗಳಲ್ಲಿ ಹೆಚ್ಚಿನವು, ತಯಾರಾದ ವರ್ಷ ಯಾವುದೇ ಇರಲಿ, ರಚನೆಯ ದೃಷ್ಟಿಯಿಂದ ಹತ್ತೊಂಬತ್ತನೆಯ ಶತಮಾನಕ್ಕೆ ಸೇರಿದವು. ಇವು ಬೆಳೆ ಕಾಯಲು, ಹಬ್ಬದ ದಿನ ಪೂಜೆಗಿಡಲು, ಮನೆತನದ ಗುರುತಾಗಿ ಉಳಿಸಿಕೊಳ್ಳಲು ತಕ್ಕವು ಎಂಬುದರಲ್ಲಿ ತಕರಾರಿಲ್ಲ. ಊರಿನಿಂದ ಒಂದೆರಡು ಮೈಲಿ ದೂರದ ಒಂಟಿ ಮನೆಗೆ ರಾತ್ರಿ ಕಳ್ಳರು ನುಗ್ಗಿದಾಗ ಅಥವಾ ಕಾಫಿ ಗಿಡಗಳ ನಡುವೆ ಕಾಡುಹಂದಿ ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಇವನ್ನು ನೆಚ್ಚಬಹುದೆ ಎಂಬಲ್ಲಿ ಮಾತ್ರ ಎರಡು ಪಕ್ಷಗಳಿವೆ.

ವಾದಕ್ಕೆ ಮೊದಲು ಆಯುಧಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಳ್ಳುವುದು ಅಗತ್ಯ, ಏಕೆಂದರೆ ‘ಹಳೆಯ ಕೋವಿ’ ಎಂಬ ಒಂದೇ ಹೆಸರಿನಡಿ ಪರಸ್ಪರ ಸಂಬಂಧವೇ ಇಲ್ಲದ ಮೂರು ರಚನೆಗಳು ಸೇರಿಕೊಂಡಿವೆ. ಮೊದಲನೆಯದು ಕೇಪಿನ ಕೋವಿ. ಇದರಲ್ಲಿ ನಳಿಗೆಯ ಬಾಯಿಯಿಂದಲೇ ಕರಿಮದ್ದನ್ನು ಸುರಿದು, ಅದರ ಮೇಲೆ ನಾರನ್ನೋ ಚಿಂದಿಯನ್ನೋ ತುರುಕಿ, ಸೀಸದ ಚರೆಯನ್ನು ಹಾಕಿ ಸಲಾಕೆಯಿಂದ ಜಡಿಯಬೇಕು. ಹಿಂಬದಿಯ ಸಣ್ಣ ರಂಧ್ರದ ಮೇಲೆ ಕೇಪು ಎಂಬ ತಾಮ್ರದ ಪುಟ್ಟ ಟೊಪ್ಪಿಗೆಯನ್ನು ಕೂರಿಸಿದರೆ, ಕುದುರೆ ಎಂದು ಕರೆಯಲಾಗುವ ಬಡಿಯುವ ಭಾಗವು ಅದನ್ನು ಹೊಡೆದು ಸಿಡಿಸುತ್ತದೆ. ಬಡಿತಕ್ಕೆ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಬಳಸುವ ಹಕ್ಕುಪತ್ರವನ್ನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ 1807ರಲ್ಲಿ ಪಡೆದನೆಂಬುದನ್ನು ನೆನೆದರೆ ಈ ರಚನೆಯ ವಯಸ್ಸು ತಿಳಿಯುತ್ತದೆ. ಎರಡನೆಯದು ತೋಟಾ ಕೋವಿ. ಮದ್ದು, ಚರೆ, ಕೇಪು ಮೂರನ್ನೂ ಒಂದೇ ಕೊಳವೆಯೊಳಗೆ ಅಡಕಗೊಳಿಸಿದ ತೋಟಾವನ್ನು ನಳಿಗೆಯ ಹಿಂಬದಿಯಿಂದ ತುಂಬುವ ಈ ಕೋವಿ ಒಂಟಿ ನಳಿಗೆಯದೂ ಜೋಡಿ ನಳಿಗೆಯದೂ ಆಗಿರಬಹುದು. ಕುದುರೆಗಳು ಹೊರಗೆ ಕಾಣದಂತೆ ಒಳಗೇ ಅಡಗಿರುವ ಜೋಡಿ ನಳಿಗೆಯ ರಚನೆ ಬರ್ಮಿಂಗ್‌ಹ್ಯಾಮಿನಲ್ಲಿ 1875ರಲ್ಲಿ ರೂಪುಗೊಂಡಿದ್ದು, ಇಂದು ಹೊಸದಾಗಿ ತಯಾರಾಗುವ ಜೋಡಿ ಕೋವಿಗಳಲ್ಲಿಯೂ ಮೂಲತಃ ಅದೇ ಮುಂದುವರಿದಿದೆ. ಮೂರನೆಯದು ರಿವಾಲ್ವರ್, ಅಂದರೆ ಐದಾರು ಗುಂಡುಗಳ ಉರುಳೆ ಒಂದೊಂದು ಹೊಡೆತಕ್ಕೂ ಒಂದೊಂದು ಮನೆ ಸುತ್ತಿ ನಿಲ್ಲುವ ಕೈಕೋವಿ. ಇದರ ಹಕ್ಕುಪತ್ರವನ್ನು ಅಮೆರಿಕದ ಸ್ಯಾಮ್ಯುಯಲ್ ಕೋಲ್ಟ್ ತನ್ನ ದೇಶದಲ್ಲಿ ಪಡೆದದ್ದು 1836ರಲ್ಲಿ.

‘12 ಬೋರ್’ ಎಂಬ ಮಾತೂ ವಿವರಣೆ ಬೇಡುತ್ತದೆ. ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದರೆ ಒಂದೊಂದು ಗುಂಡಿನ ದಪ್ಪವೆಷ್ಟೋ ನಳಿಗೆಯ ಒಳವ್ಯಾಸವೂ ಅಷ್ಟೇ, ಅಂದರೆ ಸುಮಾರು 18.5 ಮಿಲಿಮೀಟರ್. ಒಳಮೈಯಲ್ಲಿ ತಿರುಚಿದ ಗೀರುಗಳಿಲ್ಲದ ಇಂಥ ನುಣುಪು ನಳಿಗೆಯ ಕೋವಿಗೂ, ಗೀರುಗಳುಳ್ಳ ರೈಫಲಿಗೂ ಕಾನೂನು ಬೇರೆಬೇರೆ ಸ್ಥಾನ ನೀಡಿದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಈ ಚರ್ಚೆಯ ಬೆನ್ನೆಲುಬು. 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೋವಿಯನ್ನು ರಕ್ಷಣೆಗಾಗಿಯೋ ಕ್ರೀಡೆಗಾಗಿಯೋ ಕೇಳಿದ ಪೌರನಿಗೆ, ನಿರಾಕರಿಸಲು ಕಾಯ್ದೆಯಲ್ಲಿಯೇ ಹೇಳಿದ ಕಾರಣಗಳಿಲ್ಲದಿದ್ದರೆ, ಪರವಾನಗಿ ಕೊಡಬೇಕೆಂದು ಅದು ವಿಧಿಸುತ್ತದೆ. ಬಾಯಿಯಿಂದ ಮದ್ದು ತುಂಬುವ ಕೋವಿಯ ವಿಷಯದಲ್ಲಿ ಮಾತ್ರ ಪ್ರಾಮಾಣಿಕ ಬೆಳೆ ರಕ್ಷಣೆಯ ಉದ್ದೇಶವನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಕೊಡಗಿನ ಸ್ಥಿತಿ ಬೇರೆ. ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟ ಆದೇಶದಿಂದ ಹರಿದುಬಂದ ವಿನಾಯಿತಿ, ಸ್ವಾತಂತ್ರ್ಯಾನಂತರವೂ ಕಾಯ್ದೆಯ 41ನೆಯ ಕಲಮಿನಡಿ ಕೇಂದ್ರದ ಅಧಿಸೂಚನೆಗಳ ಮೂಲಕ ಮುಂದುವರಿದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ, ಅಂದರೆ ಅರಸರ ಕಾಲದಲ್ಲಿ ಸೈನಿಕ ಸೇವೆಗೆ ಪ್ರತಿಯಾಗಿ ಬಂದ ವಂಶಪಾರಂಪರ್ಯದ ಭೂಮಿಯುಳ್ಳವರಿಗೂ, 2029ರವರೆಗೆ ಅನ್ವಯಿಸುತ್ತದೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು.

ಪರ

ಹಳೆಯ ರಚನೆ ಇಂದಿಗೂ ಉಪಯುಕ್ತವೆನ್ನುವವರು ಮೊದಲು ಎತ್ತುವ ಪ್ರಶ್ನೆ, ಯಾವುದರ ಮುಂದೆ ಇಟ್ಟು ಇದನ್ನು ಹಳತೆನ್ನುವುದು ಎಂಬುದು. ಅಮೆರಿಕದಲ್ಲಿ ಈ ಚರ್ಚೆ ನಡೆದಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ರಿವಾಲ್ವರ್ ಇದ್ದರೆ ಇನ್ನೊಂದರಲ್ಲಿ 1982ರ ಗ್ಲಾಕ್‌ನಂಥ, ಹದಿನೇಳು ಗುಂಡು ಹಿಡಿಸುವ 9 ಮಿಲಿಮೀಟರಿನ ಪಿಸ್ತೂಲು ಇರುತ್ತದೆ. ಭಾರತದ ಗೃಹಸ್ಥನಿಗೆ ಆ ಎರಡನೆಯ ತಟ್ಟೆಯೇ ಇಲ್ಲ. 9 ಮಿಲಿಮೀಟರ್, .38, .455, .303 ಇವೆಲ್ಲ ಸಾಮಾನ್ಯ ನಾಗರಿಕನಿಗೆ ಸಿಗದ ನಿಷೇಧಿತ ಬೋರ್‌ಗಳು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರ ರಕ್ಷಣೆಯ ಹೆಸರಿನಲ್ಲಿ ಹೊರತಂದ, ಅರ್ಧ ಕಿಲೋ ತೂಕದ ‘ನಿರ್ಭೀಕ್’ ಆಗಲಿ, 2023ರಲ್ಲಿ ಬಂದ ‘ಪ್ರಬಲ್’ ಆಗಲಿ ಹಾರಿಸುವುದು .32ರ ಗುಂಡನ್ನೇ, ಮತ್ತು ಆ ಗುಂಡು ಅಮೆರಿಕದಲ್ಲಿ ಮೊದಲು ಹೊರಬಂದದ್ದು 1896ರಲ್ಲಿ. ಅಂಗಡಿಯಿಂದ ನಿನ್ನೆ ತಂದ ಆಯುಧವೇ ನೂರಿಪ್ಪತ್ತು ವರ್ಷ ಹಳೆಯ ಮದ್ದಿನ ಲೆಕ್ಕದಲ್ಲಿ ಕೆಲಸ ಮಾಡುತ್ತಿರುವಾಗ, ಅಟ್ಟದ ಮೇಲಿನ ಜೋಡಿ ಕೋವಿಯನ್ನು ಹಳತೆಂದು ಬದಿಗಿಡುವುದರಲ್ಲಿ ಹೆಚ್ಚಿನ ಅರ್ಥವಿಲ್ಲವೆಂಬುದು ಈ ಪಕ್ಷದ ಮೊದಲ ಮಾತು.

ಎರಡನೆಯ ಮಾತು ಯಂತ್ರಕ್ಕೆ ಸಂಬಂಧಿಸಿದ್ದು, ಮತ್ತು ಈ ಪಕ್ಷದ ನಿಜವಾದ ಬಲವಿರುವುದು ಇಲ್ಲಿಯೇ. ಜೋಡಿ ನಳಿಗೆಯ ಕೋವಿಯ ಮೇಲ್ಗಡೆಯ ಸಣ್ಣ ಸನ್ನೆಯನ್ನು ಹೆಬ್ಬೆರಳಿನಿಂದ ಬಲಕ್ಕೆ ಒತ್ತಿದರೆ ನಳಿಗೆಗಳು ಕೀಲಿನ ಮೇಲೆ ಕೆಳಕ್ಕೆ ಬಾಗುತ್ತವೆ. ತೋಟಾ ಇದ್ದರೆ ಎರಡು ಹಿತ್ತಾಳೆಯ ತಳಗಳು ಕಣ್ಣಿಗೆ ಬೀಳುತ್ತವೆ, ಇಲ್ಲದಿದ್ದರೆ ನಳಿಗೆಯ ಆ ತುದಿಯ ಬೆಳಕು ಕಾಣುತ್ತದೆ. ತುಂಬಿದೆಯೋ ಖಾಲಿಯೋ ಎಂಬುದನ್ನು ಮನೆಯ ಯಾರು ಬೇಕಾದರೂ, ಕತ್ತಲೆಯಲ್ಲಾದರೆ ಬೆರಳಾಡಿಸಿ, ಒಂದು ಕ್ಷಣದಲ್ಲಿ ಖಚಿತಪಡಿಸಿಕೊಳ್ಳಬಹುದು. ಹಿಡಿಕೆಯೊಳಗಿನ ಪೆಟ್ಟಿಗೆಯಿಂದ ಗುಂಡನ್ನು ತಾನೇ ಮೇಲೆ ತಂದುಕೊಳ್ಳುವ ಪಿಸ್ತೂಲಿನಲ್ಲಿ ಪೆಟ್ಟಿಗೆಯನ್ನು ತೆಗೆದ ಮೇಲೂ ನಳಿಗೆಯೊಳಗೆ ಒಂದು ಗುಂಡು ಉಳಿದಿರಬಹುದು, ಇದನ್ನು ಮರೆತವರಿಂದಾಗುವ ಅನಾಹುತಗಳು ಆಯುಧ ಬಲ್ಲವರಲ್ಲಿಯೂ ನಡೆಯುತ್ತಲೇ ಇರುತ್ತವೆ. ಅಲ್ಲದೆ ಜೋಡಿ ಕೋವಿ ಎಂದರೆ ಒಂದೇ ಹಿಡಿಗೆ ಜೋಡಿಸಿದ ಎರಡು ಸ್ವತಂತ್ರ ಕೋವಿಗಳು: ಎರಡು ಟ್ರಿಗರ್, ಎರಡು ಕುದುರೆ, ಎರಡು ಸ್ಪ್ರಿಂಗ್. ಬಲಗಡೆಯ ತೋಟಾ ಹುಸಿಯಾದರೆ ಬೆರಳು ಹಿಂದಿನ ಟ್ರಿಗರಿಗೆ ಸರಿದರೆ ಸಾಕು. ರಿವಾಲ್ವರಿನ ಗುಣವೂ ಹೀಗೆಯೇ, ಸಿಡಿಯದ ಗುಂಡಿನ ಮೇಲೆ ಸಮಯ ಕಳೆಯದೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಉರುಳೆ ಮುಂದಿನ ಗುಂಡನ್ನು ತಂದು ನಿಲ್ಲಿಸುತ್ತದೆ. ವರ್ಷಕ್ಕೆ ಒಂದೆರಡು ಸಲ ಮಾತ್ರ ಕೋವಿ ಹಿಡಿಯುವ ಬೆಳೆಗಾರನಿಗೆ ಗಾಬರಿಯ ಹೊತ್ತಿನಲ್ಲಿ ನೆನಪಿಟ್ಟುಕೊಳ್ಳಬೇಕಾದ ಕ್ರಮಗಳು ಕಡಿಮೆಯಿದ್ದಷ್ಟೂ ಒಳ್ಳೆಯದು.

ಮೂರನೆಯದಾಗಿ, 12 ಬೋರಿನ ತೋಟಾದ ಹೊಡೆತ ಮನೆಯ ಅಳತೆಯ ದೂರದಲ್ಲಿ ಯಾವ ಕೈಕೋವಿಯ ಹೊಡೆತಕ್ಕೂ ಕಡಿಮೆಯಲ್ಲ. ಎಲ್‌ಜಿ, ಎಸ್‌ಜಿ ಎಂದು ಕರೆಯುವ, ಹತ್ತಕ್ಕಿಂತ ಕಡಿಮೆ ಸಂಖ್ಯೆಯ ದಪ್ಪ ಚರೆಗಳುಳ್ಳ ತೋಟಾಗಳು ಹಂದಿಯನ್ನೂ ಕೆಡವಬಲ್ಲವು. ನಾಗರಿಕರಿಗೆ ಸಿಗುವ .32ರ ಗುಂಡಿನ ಶಕ್ತಿ 9 ಮಿಲಿಮೀಟರಿನ ಗುಂಡಿನ ಶಕ್ತಿಯ ಸುಮಾರು ಮೂರನೆಯ ಒಂದರಷ್ಟಿರುವಾಗ, ಪರವಾನಗಿ ಪಡೆಯಬಲ್ಲ ಗೃಹಸ್ಥನ ಕೈಗೆ ಬರುವ ಆಯುಧಗಳಲ್ಲಿ ಹಳೆಯದೇ ಹೆಚ್ಚು ಸಮರ್ಥವೆಂಬ ವಿಚಿತ್ರ ಸ್ಥಿತಿ ಉಂಟಾಗಿದೆ. ಉದ್ದ ನಳಿಗೆಯ ಕೋವಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಪೇಟೆಗೆ ಹೋಗಲಾಗದು. ಮನೆ ಕಾಯಲು ತಕ್ಕದ್ದು, ಅಪರಾಧಕ್ಕೆ ಒಗ್ಗದ್ದು ಎಂಬ ಈ ಗುಣವನ್ನು ಗಮನಿಸಿಯೇ ಕಾಯ್ದೆ 20 ಇಂಚಿನ ಗೆರೆ ಎಳೆದು ಅದಕ್ಕಷ್ಟು ಉದಾರವಾಗಿದೆಯೆಂದು ಊಹಿಸಲು ಕಷ್ಟವಿಲ್ಲ.

ಸಂದರ್ಭವನ್ನೂ ಇವರು ಮುಂದಿಡುತ್ತಾರೆ. ಮಲೆನಾಡಿನಲ್ಲಿ ಆತ್ಮರಕ್ಷಣೆ ಎಂದರೆ ಮನುಷ್ಯನ ಎದುರಿನ ರಕ್ಷಣೆ ಮಾತ್ರವಲ್ಲವಾದ್ದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮು, ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೂ ಗಾಯಗೊಳಿಸಿದರೂ ಅಪರಾಧವಲ್ಲವೆಂದು ಹೇಳುವುದು ಇಲ್ಲಿ ಪ್ರಸ್ತುತ. ಮನುಷ್ಯರ ವಿಷಯಕ್ಕೆ ಬಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು, ಅಂದರೆ ಪೊಲೀಸರ ನೆರವು ಒದಗುವ ಮೊದಲು ತನ್ನ ಮೈ ಮತ್ತು ಸ್ವತ್ತನ್ನು ತಾನೇ ಕಾಪಾಡಿಕೊಳ್ಳುವ ಹಕ್ಕನ್ನು ವಿವರಿಸುತ್ತವೆ, ಮತ್ತು ಸೂರ್ಯಾಸ್ತದ ಬಳಿಕ ಮನೆಯೊಡೆದು ನುಗ್ಗುವುದನ್ನು ಆ ಹಕ್ಕು ಪ್ರಾಣಹರಣದವರೆಗೂ ವಿಸ್ತರಿಸಬಹುದಾದ ಸಂದರ್ಭಗಳಲ್ಲಿ ಸೇರಿಸುತ್ತವೆ. ಠಾಣೆ ಹತ್ತಾರು ಮೈಲಿ ದೂರವಿದ್ದು, ಮಳೆಗಾಲದಲ್ಲಿ ಮರ ಬಿದ್ದು ದಾರಿ ಮುಚ್ಚಿ, ಮೊಬೈಲಿಗೆ ಸಿಗ್ನಲ್ ಇಲ್ಲದ ಮನೆಯಲ್ಲಿ ಈ ಹಕ್ಕು ಕಾಗದದಿಂದ ಕೆಳಗಿಳಿಯಬೇಕಾದರೆ ಕೈಯಲ್ಲೊಂದು ಸಾಧನ ಬೇಕು. ಎಷ್ಟೋ ಸಲ ಆಕಾಶಕ್ಕೆ ಹಾರಿಸಿದ ಒಂದು ಈಡಿನ ಸದ್ದೇ ಕೆಲಸ ಮುಗಿಸುತ್ತದೆ. ಅದಕ್ಕೆ ಕೋವಿಯ ವಯಸ್ಸು ಅಡ್ಡಿಯಾಗುವುದಿಲ್ಲ.

ವಿರೋಧ

ಎದುರು ಪಕ್ಷ ಪರಪಕ್ಷದ ಯಂತ್ರವರ್ಣನೆಯನ್ನು ನಿರಾಕರಿಸುವುದಿಲ್ಲ. ಆ ವರ್ಣನೆ ಹೊಸದಾಗಿ ತಯಾರಾದ, ಸುಸ್ಥಿತಿಯಲ್ಲಿರುವ ಕೋವಿಗೆ ಮಾತ್ರ ಸಲ್ಲುತ್ತದೆಂದು ಅದು ಹೇಳುತ್ತದೆ. ರಚನೆ ಹಳೆಯದಾಗಿರುವುದು ಬೇರೆ, ಕೈಯಲ್ಲಿರುವ ಕೋವಿಯೇ ಹಳೆಯದಾಗಿರುವುದು ಬೇರೆ. ಅಜ್ಜನಿಂದ ಮೊಮ್ಮಗನಿಗೆ ಬಂದ ಇಂಗ್ಲಿಷ್ ಕೋವಿಗಳಲ್ಲಿ ಕೆಲವು ಡಮಾಸ್ಕಸ್ ನಳಿಗೆಯವು, ಅಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುರುಳಿ ಸುತ್ತಿ, ಬಡಿದು ಬೆಸೆದವು; ಮೈಮೇಲೆ ನೀರಿನಲೆಯಂಥ ಗೆರೆಗಳಿರುವ ಇವು ನೋಡಲು ಸೊಗಸು, ಆದರೆ ಕರಿಮದ್ದಿನ ನಿಧಾನದ ಒತ್ತಡಕ್ಕೆಂದು ಮಾಡಿದವು. ಇಂದಿನ ಹೊಗೆರಹಿತ ಮದ್ದಿನ ತೋಟಾವನ್ನು ಅವುಗಳಲ್ಲಿ ಹಾರಿಸಿದರೆ ನಳಿಗೆ ಬಿರಿದು ಎಡಗೈಯ ಬೆರಳುಗಳನ್ನು ಒಯ್ಯುವ ಸಂಭವವುಂಟು. ಉಕ್ಕಿನ ನಳಿಗೆಯಾದರೂ ಹಳೆಯ ಕೋವಿಯ ತೋಟಾಮನೆ, ಅಂದರೆ ತೋಟಾ ಕೂರುವ ಹಿಂಬದಿಯ ಜಾಗ, ಅನೇಕ ಸಲ 65 ಮಿಲಿಮೀಟರ್ ಉದ್ದದ್ದು. ಇಂದು ಸಾಮಾನ್ಯವಾಗಿ ಸಿಗುವುದು 70 ಮಿಲಿಮೀಟರಿನ ತೋಟಾ. ಬಾಯಿ ಮಡಿಚಿರುವ ಆ ತೋಟಾ ಒಳಗೇನೋ ಸಲೀಸಾಗಿ ಕೂರುತ್ತದೆ. ಸಿಡಿದಾಗ ಬಿಚ್ಚಿಕೊಳ್ಳಬೇಕಾದ ಅದರ ಬಾಯಿಗೆ ಮಾತ್ರ ಜಾಗ ಸಾಲದೆ ಒತ್ತಡ ಅಳತೆ ಮೀರುತ್ತದೆ. ಕೂರುತ್ತದೆ, ಆದ್ದರಿಂದ ಸರಿಹೊಂದುತ್ತದೆ ಎಂದು ಭಾವಿಸುವುದೇ ಇಲ್ಲಿನ ಅಪಾಯ. 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದಂಥ ಕಡೆ ಹೆಚ್ಚಿನ ಒತ್ತಡದಲ್ಲಿ ಹಾರಿಸಿ ನೋಡಿ ಒತ್ತಿದ ಮುದ್ರೆಗಳು ನಳಿಗೆಯ ಅಡಿಯಲ್ಲಿರುತ್ತವೆ, ಯಾವ ಮದ್ದಿಗೆ ತಾಳುತ್ತದೆಂಬುದನ್ನು ಅವು ಹೇಳುತ್ತವೆ. ಆದರೆ ಮುದ್ರೆಯಾದ ಮೇಲೆ ನೂರು ಮುಂಗಾರು ಕಳೆದಿವೆ, ತುಕ್ಕು ಒಳಮೈಯನ್ನು ಎಷ್ಟು ತಿಂದಿದೆಯೆಂಬುದು ಆ ಮುದ್ರೆಗೆ ತಿಳಿಯದು. ಇದನ್ನು ಅಳೆದು ಹೇಳಬಲ್ಲ ಕೋವಿ ರಿಪೇರಿಯವರು ಜಿಲ್ಲಾ ಕೇಂದ್ರಗಳಲ್ಲಿಯೂ ಈಗ ವಿರಳ.

ಕೇಪಿನ ಕೋವಿಯ ವಿಷಯದಲ್ಲಿ ವಿರೋಧ ಪಕ್ಷ ಇನ್ನೂ ನಿಷ್ಠುರ. ಕರಿಮದ್ದು ತೇವ ಹೀರುತ್ತದೆ, ಸಿಡಿದ ಮೇಲೆ ಉಳಿಯುವ ಮಸಿಯೂ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ; ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಸಂಜೆ ಜಡಿದಿಟ್ಟ ಈಡು ನಡುರಾತ್ರಿ ಸಿಡಿದೀತೆಂಬ ಭರವಸೆ ಇಲ್ಲ. ಸಿಡಿದರೂ ಒಂದೇ ಹೊಡೆತ, ಆಮೇಲೆ ಎದುರಿನದೇನೂ ಕಾಣದಂತೆ ಹೊಗೆ. ಸತತ ಕವಾಯತಿನಲ್ಲಿ ಪಳಗಿದ ಯುರೋಪಿನ ಸೈನಿಕರೇ ಬಾಯಿಯಿಂದ ತುಂಬುವ ಬಂದೂಕಿನಿಂದ ನಿಮಿಷಕ್ಕೆ ಮೂರು ಸಲ ಹಾರಿಸಿದರೆ ಅದು ಮೆಚ್ಚತಕ್ಕದ್ದೆನಿಸಿತ್ತು. ನಿದ್ದೆಗಣ್ಣಿನಲ್ಲಿ ಎದ್ದ ಗೃಹಸ್ಥ ಮದ್ದಿನ ಡಬ್ಬಿ ಹುಡುಕುವಷ್ಟರಲ್ಲಿ ಕಳ್ಳರು ಕಾಫಿಯ ಚೀಲ ಹೊತ್ತು ಗೇಟು ದಾಟಿರುತ್ತಾರೆ. ಕಾಯ್ದೆ ಈ ಕೋವಿಯನ್ನು ‘ರಕ್ಷಣೆ’ಯ ಸಾಲಿನಲ್ಲಿ ಸೇರಿಸದೆ ಬೆಳೆಗೆ ಮಾತ್ರ ಮೀಸಲಿಟ್ಟದ್ದು, ಬೆಳೆಗೂ ಅದು ಸಾಲದೆಂದು ಕಂಡರೆ ಬೇರೆ ನುಣುಪು ಕೋವಿ ಕೊಡಬಹುದೆಂದು ಅಲ್ಲಿಯೇ ಸೇರಿಸಿದ್ದು, ಈ ಪಕ್ಷಕ್ಕೆ ದೊರೆತ ಬಲವಾದ ಸಾಕ್ಷಿ.

ತೋಟಾ ಕೋವಿಗೂ ಇವರು ಸಮಯದ ಲೆಕ್ಕವನ್ನೇ ಒಡ್ಡುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಬರೆದು ತೋರಿಸಿದಂತೆ, ಚಾಕು ಹಿಡಿದ ಆರೋಗ್ಯವಂತ ಮನುಷ್ಯ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ಮನೆಯೊಳಗೆ 21 ಅಡಿಯ ಅಂತರವೇ ದುರ್ಲಭ. ಮಕ್ಕಳಿರುವ ಮನೆಯಲ್ಲಿ ಕೋವಿ ಬೀಗದೊಳಗಿರಬೇಕು, ತೋಟಾ ಬೇರೆಡೆ ಇರಬೇಕು. ಬೀಗದ ಕೈ, ಬೀರು, ತೋಟಾ, ಕೋವಿ ಎಂಬ ಈ ಸರಪಣಿಯನ್ನು ಒಂದೂವರೆ ಸೆಕೆಂಡಿನೊಳಗೆ ಮುಗಿಸುವುದು ಯಾರಿಂದಲೂ ಆಗದು. ಕೈಗೆ ಬಂದ ಮೇಲೂ ಮೂರೂವರೆ ಅಡಿಗಿಂತ ಉದ್ದದ ಆಯುಧವನ್ನು ಹಳೆಯ ಮನೆಯ ತಗ್ಗು ಬಾಗಿಲಲ್ಲಿ, ಇಕ್ಕಟ್ಟಿನ ನಡುಮನೆಯಲ್ಲಿ ತಿರುಗಿಸಬೇಕು, ಮತ್ತು ನುಗ್ಗಿದವನು ನಳಿಗೆಯ ತುದಿಯನ್ನು ಹಿಡಿದುಕೊಳ್ಳದಂತೆ ನೋಡಿಕೊಳ್ಳಬೇಕು. ಎರಡು ಈಡು ಮುಗಿದ ಮೇಲೆ ಅದು ಬರಿಯ ದೊಣ್ಣೆ. ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸಲು ಹೇಳುವ ಪದ್ಧತಿಯಿಂದಾಗಿ ವಾರಗಟ್ಟಲೆ ಅದೂ ಮನೆಯಲ್ಲಿರುವುದಿಲ್ಲವೆಂಬುದು ಬೆಳೆಗಾರರೇ ಮತ್ತೆ ಮತ್ತೆ ಹೇಳುವ ದೂರು.

ಚರೆ ಹರಡುವುದರಿಂದ ಗುರಿ ಬೇಕಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿ ಬಲವಾಗಿದೆ, ಇದನ್ನು ಇವರು ಸುಳ್ಳೆಂದು ತೋರಿಸುವುದು ಸುಲಭ. ನಳಿಗೆಯ ಬಾಯನ್ನು ಪೂರ್ತಿಯಾಗಿ ಬಿಗಿಗೊಳಿಸಿದ ಕೋವಿ 40 ಗಜ ದೂರದಲ್ಲಿ ತನ್ನ ಚರೆಗಳ ಸುಮಾರು ಶೇ. 70ರಷ್ಟನ್ನು 30 ಇಂಚಿನ ವೃತ್ತದೊಳಗೆ ಹಾಕುತ್ತದೆಂಬುದು ತಯಾರಕರು ಬಳಸುತ್ತ ಬಂದ ಅಳತೆ. ಅದೇ ಲೆಕ್ಕದಲ್ಲಿ ನಾಲ್ಕು ಮೀಟರಿನ ಕೋಣೆಯೊಳಗೆ ಚರೆಯ ಗುಂಪು ಅಂಗೈಯಗಲವನ್ನೂ ಮೀರುವುದಿಲ್ಲ. ಹತ್ತಿರದಲ್ಲಿ ಗುರಿ ಬೇಕು, ದೂರದಲ್ಲಿ ಹರಡಿದ ಚರೆ ಯಾರಿಗೆ ತಗಲುತ್ತದೆಂಬ ಹೊಣೆ ಹೊರಬೇಕು. ಹಂದಿಯೆಂದು ಭ್ರಮಿಸಿ ಗಿಡಗಳ ಮರೆಯ ಮನುಷ್ಯನಿಗೆ ಹೊಡೆದ ದುರಂತಗಳ ಸುದ್ದಿ ಮಲೆನಾಡಿಗೆ ಹೊಸತಲ್ಲ. ಆನೆಯ ಎದುರು 12 ಬೋರಿನ ಚರೆ ನಿಲ್ಲುವುದೇ ಇಲ್ಲ, ಅದನ್ನು ರೇಗಿಸಬಲ್ಲುದಷ್ಟೆ. ಸದ್ದು ಮಾಡಿ ಓಡಿಸಲು ಗರ್ನಾಲು ಪಟಾಕಿ ಸಾಕು, ಅದಕ್ಕೆ ಕೋವಿ ಬೇಡ. ಇನ್ನು ವನ್ಯಜೀವಿ ಕಾಯ್ದೆಯ ರಕ್ಷಣೆಯೂ, ಆ ಹೊತ್ತಿನಲ್ಲಿ ಬೇರೊಂದು ಅಪರಾಧದಲ್ಲಿ ತೊಡಗಿದ್ದವನಿಗೆ, ಉದಾಹರಣೆಗೆ ಬೇಟೆಗೆಂದೇ ಕಾಡು ಹೊಕ್ಕವನಿಗೆ, ದೊರೆಯುವುದಿಲ್ಲ. ನ್ಯಾಯ ಸಂಹಿತೆಯ 37ನೆಯ ಕಲಮು ಹೇಳುವಂತೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕು ಯಾರಿಗೂ ಇಲ್ಲ, ಮತ್ತು ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ತಾಗಿದ ಚರೆಯನ್ನು ನ್ಯಾಯಾಲಯದ ಮುಂದೆ ರಕ್ಷಣೆಯೆಂದು ಸಮರ್ಥಿಸಿಕೊಳ್ಳುವುದು ಕಷ್ಟ.

ಕೊನೆಗೆ ಇವರು ಅನುಭವದ ದಾಖಲೆಗಳನ್ನು ಎದುರಿಗಿಡುತ್ತಾರೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರನ್ನು ಎದುರಿಸಿದ ಎಫ್‌ಬಿಐ ತಂಡದ ಇಬ್ಬರು ಸತ್ತು ಐವರು ಗಾಯಗೊಂಡ ಬಳಿಕ ಆ ಸಂಸ್ಥೆ ರಿವಾಲ್ವರನ್ನು ಬಿಟ್ಟು ಹೆಚ್ಚು ಗುಂಡಿನ ಪಿಸ್ತೂಲಿನ ಕಡೆ ಹೊರಳಿತು. 2008ರ ನವೆಂಬರ್ 26ರಂದು ಮುಂಬಯಿಯ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಉಗ್ರರ ಎಕೆ ಬಂದೂಕುಗಳೆದುರು ರೈಲ್ವೆ ಪೊಲೀಸರ ಬಳಿ ಇದ್ದದ್ದು ಲಾಠಿ ಮತ್ತು .303 ರೈಫಲು. ಉತ್ತರ ಪ್ರದೇಶದ ಪೊಲೀಸರು ಆ ರೈಫಲನ್ನು 2020ರ ಗಣರಾಜ್ಯೋತ್ಸವದ ಕವಾಯತಿನಲ್ಲಿ ಬೀಳ್ಕೊಟ್ಟರು. ಆಯುಧವೇ ವೃತ್ತಿಯಾದವರು ಬಿಟ್ಟುಕೊಟ್ಟದ್ದನ್ನು ಗೃಹಸ್ಥ ನೆಚ್ಚುವುದೇಕೆ ಎಂಬುದು ಪ್ರಶ್ನೆ.

ಪರಪಕ್ಷದ ಮರುಮಾತು

ಈ ಕೊನೆಯ ಪ್ರಶ್ನೆ ಕೇಳಲು ಬಲವಾಗಿದ್ದರೂ ವಾದವಾಗಿ ದುರ್ಬಲ, ಮತ್ತು ಪರಪಕ್ಷ ಅದನ್ನು ಸುಮ್ಮನೆ ಬಿಡುವುದಿಲ್ಲ. ಪೊಲೀಸರ ಕರ್ತವ್ಯ ಬೆನ್ನಟ್ಟಿ ಹಿಡಿಯುವುದು, ಗೃಹಸ್ಥನ ಅಗತ್ಯ ಬಾಗಿಲಲ್ಲಿ ತಡೆದು ನಿಲ್ಲಿಸುವುದು. ಒಬ್ಬರ ಸೋಲಿನಿಂದ ಇನ್ನೊಬ್ಬರ ಸಾಧನವನ್ನು ಅಳೆಯಲಾಗದು. ಮಯಾಮಿಯ ಘಟನೆಯನ್ನೇ ಕೊನೆಯವರೆಗೆ ಓದಿದರೆ, ಒಂದು ತೋಳು ನಿಷ್ಕ್ರಿಯವಾಗಿದ್ದ ಅಧಿಕಾರಿ ಎಡ್ಮಂಡೊ ಮಿರೆಲೆಸ್ 12 ಬೋರಿನ ಶಾಟ್‌ಗನ್ನನ್ನು ಒಂದೇ ಕೈಯಲ್ಲಿ ಹಾರಿಸಿ, ಆಮೇಲೆ ರಿವಾಲ್ವರಿನಿಂದ ಆ ಕಾಳಗವನ್ನು ಮುಗಿಸಿದರೆಂಬುದು ಕಾಣುತ್ತದೆ. ಹಳೆಯ ಆಯುಧಗಳು ಸೋತವೆಂದು ಉದಾಹರಿಸುವ ಪ್ರಸಂಗದ ಅಂತ್ಯದಲ್ಲಿ ಕೆಲಸ ಮಾಡಿದ್ದು ಅವೇ. ಚರೆಯ ಹರವು, ಗುರಿ, ಕಾನೂನಿನ ಹೊಣೆ ಇವು ಹೊಸ ಆಯುಧಕ್ಕೂ ಅಷ್ಟೇ ಅನ್ವಯಿಸುವ ಆಕ್ಷೇಪಗಳು. ಅವುಗಳಿಂದ ಕೋವಿಯೇ ಬೇಡವೆಂದು ಸಿದ್ಧವಾಗಬಹುದೇ ಹೊರತು ಹಳೆಯ ಕೋವಿ ಬೇಡವೆಂದಲ್ಲ.

ಕೇಪಿನ ಕೋವಿಯ ಬಗ್ಗೆ ಮಾತ್ರ ಈ ಪಕ್ಷಕ್ಕೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ, ಹೇಳಲು ಹೊರಟವರ ಮಾತು ಅಭಿಮಾನದ ಮಾತಾಗುತ್ತದೆ. ಡಮಾಸ್ಕಸ್ ನಳಿಗೆ, 65 ಮಿಲಿಮೀಟರಿನ ತೋಟಾಮನೆ ಇವುಗಳ ಬಗೆಗಿನ ಎಚ್ಚರಿಕೆಯನ್ನೂ ಒಪ್ಪಿಕೊಳ್ಳುವುದು ವಿವೇಕ. ಅಂಥದ್ದನ್ನು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ, ಅಂದರೆ ನಾಟಿಯ ಕೆಲಸ ಮುಗಿದ ಮೇಲೆ ಆಯುಧಗಳನ್ನು ಪೂಜಿಸುವ ದಿನ, ಹೂವಿಟ್ಟು ಗೌರವಿಸಬಹುದು, ತೋಟಾ ತುಂಬಬಾರದು. ಉಕ್ಕಿನ ನಳಿಗೆಯ, ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ, ತೋಟಾಮನೆಯ ಅಳತೆ ಗೊತ್ತಿರುವ 12 ಬೋರಿನ ಜೋಡಿ ಕೋವಿಯ ಮಟ್ಟಿಗೆ, ಅದು 1875ರ ರಚನೆಯೆಂಬ ಕಾರಣಕ್ಕೆ ನಿರಾಕರಿಸಲು ವಿರೋಧ ಪಕ್ಷದ ಯಾವ ವಾದವೂ ಸಾಲುವುದಿಲ್ಲವೆಂದೇ ಹೇಳಬೇಕಾಗುತ್ತದೆ.

ವಿರೋಧ ಪಕ್ಷದ ಉತ್ತರ

ಇಷ್ಟನ್ನು ಬಿಟ್ಟುಕೊಟ್ಟರೂ ವಿರೋಧ ಪಕ್ಷ ಒಂದು ಅಂಶವನ್ನು ಹಿಡಿದು ನಿಲ್ಲುತ್ತದೆ, ಅದು ಕೋವಿಗಿಂತ ಕೈಗೆ ಸಂಬಂಧಿಸಿದ್ದು. ಸರಳ ಯಂತ್ರವಾದ್ದರಿಂದ ಅಭ್ಯಾಸ ಬೇಡವೆಂಬ ಧ್ವನಿ ಪರಪಕ್ಷದ ವಾದದುದ್ದಕ್ಕೂ ಅಡಗಿದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಅರ್ಜಿದಾರನಿಂದ ಆಯುಧ ಮತ್ತು ಮದ್ದುಗುಂಡುಗಳ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಕೇಳುತ್ತವೆ; ಹೀಗೆ ಕೇಳುವುದು ಪರವಾನಗಿಯ ಜೊತೆಗೆ ತಳಕು ಹಾಕಿಕೊಂಡ ಶರತ್ತಾದ್ದರಿಂದ, ಪರವಾನಗಿಯೇ ಬೇಡವೆಂಬ ವಿನಾಯಿತಿ ಇರುವಲ್ಲಿ ಅದು ತಾನಾಗಿಯೇ ಅನ್ವಯಿಸುವುದಿಲ್ಲ, ಮನೆಯ ಹಿರಿಯರು ಕಲಿಸಿದ್ದೇ ತರಬೇತಿ. ಪರವಾನಗಿದಾರನಿಗಾದರೂ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದು ನಿಗದಿಯಾಗಿರುತ್ತದೆ, ಅದರಲ್ಲಿ ಹೆಚ್ಚಿನದು ಹಂದಿ ಬೆದರಿಸಲು ಖರ್ಚಾದರೆ ಗುರಿ ಪಳಗಿಸಲು ಉಳಿಯುವುದು ಅತ್ಯಲ್ಪ, ಪಳಗಿಸಲು ಹತ್ತಿರದಲ್ಲಿ ಫೈರಿಂಗ್ ರೇಂಜೂ ಇರುವುದಿಲ್ಲ. 2019ರ ತಿದ್ದುಪಡಿ ಒಬ್ಬನ ಬಳಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ ಹೆಚ್ಚುವರಿ ಕೋವಿ ಒಪ್ಪಿಸುವುದರ ಬಗ್ಗೆ ಚರ್ಚೆ ನಡೆದಷ್ಟು, ಉಳಿದ ಎರಡನ್ನು ಹಾರಿಸಲು ಬರುತ್ತದೆಯೆ ಎಂಬುದರ ಬಗ್ಗೆ ನಡೆಯಲಿಲ್ಲ. ಕಳೆದ ಮುಂಗಾರಿನಿಂದ ಬೀರಿನಲ್ಲಿರುವ, ಕಾಗದದ ಮೈಯ ಹಳೆಯ ದಾಸ್ತಾನಾಗಿದ್ದರೆ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಇಳಿಯದೆಯೂ ಹೋಗಬಹುದಾದ ತೋಟಾವನ್ನು ಒಮ್ಮೆ ಹೊರತೆಗೆದು ನೋಡಿದವರು ಎಷ್ಟು ಮಂದಿ ಎಂದು ಈ ಪಕ್ಷ ಕೇಳುತ್ತದೆ. ಪರಪಕ್ಷದ ಬೆಳೆಗಾರರಲ್ಲಿ ಇದಕ್ಕೆ ಉತ್ತರ ಕೊಡಬಲ್ಲವರು ಇಲ್ಲದಿಲ್ಲ, ಆದರೆ ಅವರು ಕೊಡುವ ಉತ್ತರ ಅವರವರ ಮನೆಯ ಮಟ್ಟಿಗೆ ಮಾತ್ರ ನಿಲ್ಲುತ್ತದೆ.